ತೆರವಿನ ನೋಟೀಸು ಬಂದಾಗ: ಬಾಡಿಗೆದಾರರಿಗೆ ಉಚಿತ ಕಾನೂನು ನೆರವು

ಠಾಣೆ ರೈಲು ನಿಲ್ದಾಣಕ್ಕೆ ಸಮೀಪದ ನೌಪಾಡಾ ಒಂದು ಹಳೆಯ ವಸತಿ ಪ್ರದೇಶ. 2015ರ ಆಗಸ್ಟ್ 4ರ ಬೆಳಗಿನ ಜಾವ ಅಲ್ಲಿಯ ಬಿ-ಕ್ಯಾಬಿನ್ ಭಾಗದಲ್ಲಿ ಕೃಷ್ಣ ನಿವಾಸವೆಂಬ ಹಳೆಯ ಕಟ್ಟಡವು ಕುಸಿದು 12 ಮಂದಿ ಮೃತರಾದರು. ಇಂತಹ ಕಟ್ಟಡಗಳಲ್ಲಿ ತಲೆಮಾರುಗಳಿಂದ ನೆಲೆಸಿದ ಬಾಡಿಗೆದಾರರಿಗೆ ಎರಡು ಭಯಗಳಿರುತ್ತವೆ: ಇದ್ದರೆ ಜೀವಕ್ಕೆ ಅಪಾಯ, ಬಿಟ್ಟರೆ ಹಕ್ಕಿಗೆ ಚ್ಯುತಿ. ಆದುದರಿಂದ ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆಂಬುದನ್ನು ತಿಳಿದಿರುವುದು ಅವಶ್ಯಕ.

ನೋಟೀಸು ಆದೇಶವಲ್ಲ

ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಅಧಿನಿಯಮ, 1999, 2000ದ ಮಾರ್ಚ್ 31ರಿಂದ ಜಾರಿಯಲ್ಲಿದೆ. ಅದರ 15ನೆಯ ಕಲಮಿನಂತೆ, ಬಾಡಿಗೆ ಬಾಕಿಯ ಕಾರಣದಿಂದ ದಾವೆ ಹೂಡಬಯಸುವ ಮಾಲೀಕನು ಲಿಖಿತ ನೋಟೀಸು ನೀಡಿ 90 ದಿನ ಕಾಯಬೇಕು. ದಾವೆಯಾದ ಮೇಲೂ, ಸಮನ್ಸು ತಲುಪಿದ 90 ದಿನಗಳೊಳಗೆ ಬಾಕಿಯನ್ನು ವಾರ್ಷಿಕ ಶೇ. 15ರ ಸರಳ ಬಡ್ಡಿಯೊಡನೆ ನ್ಯಾಯಾಲಯಕ್ಕೆ ಸಲ್ಲಿಸಿ, ದಾವೆಯ ವೆಚ್ಚವನ್ನು ಕೊಟ್ಟು, ಮುಂದಿನ ಬಾಡಿಗೆಯನ್ನು ತಪ್ಪದೆ ಕಟ್ಟುತ್ತಿದ್ದರೆ ಬಾಕಿಯ ಕಾರಣಕ್ಕಾಗಿ ತೆರವಿನ ಡಿಕ್ರಿ ಆಗದು. ಮನೆ ಬಿಡಿಸಲೆಂದು ನೀರು, ವಿದ್ಯುತ್ತು ಮುಂತಾದ ಅಗತ್ಯ ಸೌಕರ್ಯಗಳನ್ನು ಕಡಿತಗೊಳಿಸುವುದನ್ನು 29ನೆಯ ಕಲಮು ನಿಷೇಧಿಸುತ್ತದೆ. ಲೀವ್ ಅಂಡ್ ಲೈಸೆನ್ಸ್ ಕರಾರಿನ ಮೇಲಿರುವವರಿಗೆ ಮಾತ್ರ ಈ ರಕ್ಷಣೆ ಇಲ್ಲ. ಅವಧಿ ಮುಗಿದೊಡನೆ ಅವರು ಮನೆ ಬಿಟ್ಟುಕೊಡಬೇಕಾಗುತ್ತದೆ.

ಅಪಾಯಕಾರಿ ಕಟ್ಟಡವಾದರೆ

ಮಹಾನಗರಪಾಲಿಕೆಯು ಸಿ-1 ವರ್ಗಕ್ಕೆ ಸೇರಿಸಿದ ಕಟ್ಟಡದಲ್ಲಿ ನಿಲ್ಲುವುದು ಪ್ರಾಣಕ್ಕೆ ಎರವಾದೀತು. ಸಾಂಗ್ಲಿಯ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ, ಪಾಲಿಕೆಯು ಕಟ್ಟಡವನ್ನು ಕೆಡವಿದ ಮಾತ್ರಕ್ಕೆ ಬಾಡಿಗೆ ಹಕ್ಕು ಅಳಿಯುವುದಿಲ್ಲವೆಂದು ತೀರ್ಪಿತ್ತಿದೆ. ಆದ್ದರಿಂದ ಹೊರಡುವ ಮುನ್ನ ತಮ್ಮ ಹೆಸರು ಹಾಗೂ ಮನೆಯ ವಿಸ್ತೀರ್ಣ ಪಾಲಿಕೆಯ ದಾಖಲೆಯಲ್ಲಿ ಸೇರುವಂತೆ ಲಿಖಿತವಾಗಿ ಕೋರುವುದು ಲೇಸು.

ನೆರವು ಯಾರಿಗೆ, ಎಲ್ಲಿ?

ಸಂವಿಧಾನದ 39ಎ ಅನುಚ್ಛೇದವು ಉಚಿತ ಕಾನೂನು ನೆರವನ್ನು ರಾಜ್ಯದ ಹೊಣೆಯಾಗಿಸಿದೆ. 1995ರ ನವೆಂಬರ್ 9ರಂದು ಜಾರಿಗೆ ಬಂದ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಈ ನೆರವಿಗೆ ಅರ್ಹರು. ಇತರರಿಗೆ ಮಹಾರಾಷ್ಟ್ರದಲ್ಲಿ ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರಿರಬಾರದು.

ಠಾಣೆಯ ಜಿಲ್ಲಾ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. 15100 ದೂರವಾಣಿಯಲ್ಲಿಯೂ ಮಾಹಿತಿ ದೊರೆಯುತ್ತದೆ. ವಕೀಲರ ಸಂಭಾವನೆ, ನ್ಯಾಯಾಲಯದ ಶುಲ್ಕ, ದೃಢೀಕೃತ ಪ್ರತಿಗಳು ಹಾಗೂ ದಸ್ತಾವೇಜುಗಳ ಅನುವಾದದ ವೆಚ್ಚ ಈ ನೆರವಿನಲ್ಲಿ ಸೇರಿವೆ. ಮರಾಠಿ ಓದಲಾರದ ಕನ್ನಡಿಗ ಕುಟುಂಬಗಳಿಗೆ ಅನುವಾದದ ಸೌಲಭ್ಯವು ವಿಶೇಷವಾಗಿ ಉಪಯುಕ್ತ. ಆದರೆ ಬಾಡಿಗೆಯ ಬಾಕಿಯನ್ನು ಪ್ರಾಧಿಕಾರವು ತೀರಿಸುವುದಿಲ್ಲ. ಆ ಹಣವನ್ನು ಬಾಡಿಗೆದಾರರೇ ಹೊಂದಿಸಿಕೊಳ್ಳಬೇಕು. ಉಭಯತ್ರರೂ ಒಪ್ಪಿದರೆ ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು. ಅಲ್ಲಿಯ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲವಾದ್ದರಿಂದ ಷರತ್ತುಗಳನ್ನು ಚೆನ್ನಾಗಿ ಅರಿತೇ ಸಹಿ ಹಾಕಬೇಕು.

ನೆನಪಿಡಬೇಕಾದ ಅಂಶಗಳು

1. ನೋಟೀಸು ಮತ್ತು ಸಮನ್ಸು ತಲುಪಿದ ದಿನಾಂಕಗಳನ್ನು ಬರೆದಿಡಿ.
2. ಬಾಡಿಗೆಯ ರಸೀದಿಗಳನ್ನು ಜೋಪಾನವಾಗಿಡಿ. ರಸೀದಿ ಕೊಡುವುದು ಮಾಲೀಕನ ಕರ್ತವ್ಯ.
3. ಓದಿ ತಿಳಿಯದ ಕಾಗದಕ್ಕೆ ಸಹಿ ಹಾಕಬೇಡಿ.
4. ತೊಂಬತ್ತು ದಿನಗಳ ಕೊನೆಗಲ್ಲ, ಮೊದಲ ವಾರದಲ್ಲಿಯೇ ನೆರವು ಕೋರಿ.