‘ನಾನಿನ್ನು ಸಂಸಾರ ಮಾಡಬಹುದಾ, ಮೇಡಂ?’

ಪ್ರಶ್ನೆ: ಫಿಸಿಯೊಥೆರಪಿ ಪದವಿ (ಬಿಪಿಟಿ) ಮುಗಿಸಿ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಯುವಕರೊಬ್ಬರಿಗೆ ವ್ಯಾಯಾಮ ಮಾಡಿಸುತ್ತೇನೆ. ಅವರಿಗೆ ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಮೊನ್ನೆ ಮೆಲ್ಲಗೆ, ‘ನಾನಿನ್ನು ಸಂಸಾರ ಮಾಡಬಹುದಾ, ಮೇಡಂ?’ ಎಂದು ಕೇಳಿದರು. ನನಗೆ ಮುಖವೆಲ್ಲ ಬಿಸಿಯಾಯಿತು. ‘ಡಾಕ್ಟರನ್ನು ಕೇಳಿ’ ಎಂದು ಎದ್ದು ಬಂದೆ. ಈಗ ಆ ವಾರ್ಡಿಗೆ ಹೋಗಲು ಕಾಲೇ ಬರುತ್ತಿಲ್ಲ. ನಾನು ಈ ವೃತ್ತಿಗೆ ತಕ್ಕವಳಲ್ಲವೇ?

ಉತ್ತರ: ಮುಖ ಬಿಸಿಯಾದದ್ದು ತಪ್ಪಲ್ಲ. ಮನೆಯಲ್ಲಿ, ಶಾಲೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತು ಬಿಳಿ ಕೋಟು ಹಾಕಿಕೊಂಡ ಕೂಡಲೇ ಸಲೀಸಾಗಿ ಬರುವುದಿಲ್ಲ. ನಿಮಗಿರುವುದು ಅಭ್ಯಾಸದ ಕೊರತೆ, ಯೋಗ್ಯತೆಯದಲ್ಲ.

ಅವರು ನಿಮ್ಮನ್ನೇ ಏಕೆ ಕೇಳಿದರು, ಯೋಚಿಸಿ. ರೌಂಡ್ಸಿಗೆ ಬರುವ ಡಾಕ್ಟರ ಸುತ್ತ ಯಾವಾಗಲೂ ಜನ. ನೀವಾದರೆ ದಿನವೂ ಅವರ ಕಾಲು ಹಿಡಿದು ಮಡಚಿ ಬಿಡಿಸುತ್ತೀರಿ. ಬೆರಳೊಂದು ಅಲುಗಿದರೂ ಅವರಷ್ಟೇ ಖುಷಿಪಡುತ್ತೀರಿ. ಆ ನಂಬಿಕೆಯೇ ಅವರನ್ನು ಮಾತಾಡಿಸಿದೆ. ಹೆಂಡತಿಯ ಮುಂದೆ ತಾನಿನ್ನು ಯಾರು ಎಂಬ ಭಯ ಆ ಪ್ರಶ್ನೆಯೊಳಗಿದೆ. ಮಂಚದಿಂದ ವೀಲ್‌ಚೇರಿಗೆ ದಾಟುವುದನ್ನು ಕಲಿಸುವಂತೆ ಇದೂ ನಿಮ್ಮ ಕೆಲಸದ ಭಾಗವೇ.

ಎಲ್ಲ ಉತ್ತರ ನಿಮ್ಮಲ್ಲೇ ಇರಬೇಕಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜ್ಯಾಕ್ ಆ್ಯನನ್ 1970ರ ದಶಕದಲ್ಲಿ ರೂಪಿಸಿದ ‘ಪ್ಲಿಸಿಟ್’ ಎಂಬ ಕ್ರಮದಲ್ಲಿ ನಾಲ್ಕು ಹಂತಗಳಿವೆ: ಮಾತಾಡಲು ಅವಕಾಶ, ಸ್ವಲ್ಪ ಮಾಹಿತಿ, ಆ ವ್ಯಕ್ತಿಗೆ ಹೊಂದುವ ಸಲಹೆ, ಕೊನೆಗೆ ತಜ್ಞರ ಚಿಕಿತ್ಸೆ. ನಿಮ್ಮ ಹಂತದಲ್ಲಿ ಮೊದಲೆರಡು ಸಾಕು.

ಹಾಗಾಗಿ ಮತ್ತೆ ಹೋಗಿ. ಪಕ್ಕದಲ್ಲಿ ತಾಯಿ ಕೂತಿದ್ದರೆ ಅವರು ಟೀ ತರಲು ಹೋದ ಹೊತ್ತು ನೋಡಿಕೊಳ್ಳಿ. ‘ಅವತ್ತು ನೀವು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರಿಸಲಿಲ್ಲ. ಇಂಥ ಪೆಟ್ಟಾದ ತುಂಬಾ ಜನರಿಗೆ ಈ ಯೋಚನೆ ಇರುತ್ತದೆ. ಈಗ ಮಾತಾಡೋಣವಾ?’ ಎನ್ನಿ. ಬೇಡವೆಂದರೆ ಒತ್ತಾಯಿಸಬೇಡಿ. ಬೇಕೆಂದರೆ, ಪೆಟ್ಟು ಎಲ್ಲಿ ಬಿದ್ದಿದೆ, ಎಷ್ಟು ಆಳದ್ದು ಎಂಬುದರ ಮೇಲೆ ಬದಲಾವಣೆ ನಿಂತಿದೆಯೆಂದು ತಿಳಿಸಿ. ಬೆನ್ನುಹುರಿಯ ಕೆಳತುದಿಯ ಎಸ್2ರಿಂದ ಎಸ್4ರವರೆಗಿನ ನರಭಾಗ ಉಳಿದಿದ್ದರೆ ಸ್ಪರ್ಶದಿಂದ ನಿಮಿರುವಿಕೆ ಆಗಬಹುದು. ಮಕ್ಕಳಾಗಲು ವೈದ್ಯಕೀಯ ನೆರವೂ ಇದೆ. ಆದರೆ ಸುಳ್ಳು ಭರವಸೆ ಬೇಡ. ಪೆಟ್ಟು ಬೆನ್ನುಹುರಿಯ ಎದೆಭಾಗದ ಟಿ6 ಅಥವಾ ಅದಕ್ಕಿಂತ ಮೇಲಿದ್ದರೆ, ಸಂಭೋಗದ ವೇಳೆ ವಿಪರೀತ ತಲೆನೋವು, ಬೆವರು ಬಂದರೆ ಅಲ್ಲಿಗೇ ನಿಲ್ಲಿಸಿ ಎದ್ದು ಕೂರಬೇಕು, ಕೂಡಲೇ ವೈದ್ಯರನ್ನು ಕರೆಯಬೇಕು. ಬಿಪಿ ಅಪಾಯದ ಮಟ್ಟಕ್ಕೆ ಏರಿರಬಹುದು. ಮೆಡಿಕಲ್ ಶಾಪಿನಿಂದ ತಾವಾಗಿಯೇ ನಿಮಿರುವಿಕೆಯ ಮಾತ್ರೆ ತಂದು ನುಂಗದಂತೆಯೂ ಹೇಳಿ. ಉಳಿದದ್ದಕ್ಕೆ ನಿಮ್ಮ ಮೇಲ್ವಿಚಾರಕರ ಮೂಲಕ ಯೂರಾಲಜಿಸ್ಟ್ ಅಥವಾ ಪುನಶ್ಚೇತನ ವೈದ್ಯರನ್ನು ಕಾಣಿಸಿ. ಹೆಂಡತಿಗೂ ಕೇಳಲಿಕ್ಕಿರುತ್ತದೆ. ಇಬ್ಬರೂ ಒಪ್ಪಿದರೆ ಒಟ್ಟಿಗೆ ಕೂರಿಸಿ ಮಾತಾಡುವುದು ಒಳ್ಳೆಯದು.

ಸೊಂಟದ ಕೀಲು ಬದಲಿಸಿಕೊಂಡವರು, ಹೆರಿಗೆಯ ನಂತರ ಕೂಡುವಾಗ ನೋವಾಗುವ ಹೆಂಗಸರು ನಾಳೆ ಇದನ್ನೇ ಕೇಳುತ್ತಾರೆ. ಗೆಳತಿಯೊಬ್ಬಳನ್ನು ರೋಗಿಯಂತೆ ಕೂರಿಸಿಕೊಂಡು ಈ ಮಾತುಗಳನ್ನು ಗಟ್ಟಿಯಾಗಿ ಆಡಿ ನೋಡಿ. ನಾಲ್ಕೈದು ಸಲ ಆಡಿದರೆ ನಾಲಿಗೆ ತಡವರಿಸುವುದು ಕಡಿಮೆಯಾಗುತ್ತದೆ.

ಹಾಗೆಂದು ಯಾರದೋ ಅಸಭ್ಯ ನೋಟ, ಮಾತು, ಸ್ಪರ್ಶವನ್ನು ಸಹಿಸಬೇಕಿಲ್ಲ. ಅಂಥಲ್ಲಿ ಚಿಕಿತ್ಸೆ ನಿಲ್ಲಿಸಿ, ಮೇಲಿನವರಿಗೆ ತಿಳಿಸಿ. ಈ ಯುವಕನ ಪ್ರಶ್ನೆ ಆ ಜಾತಿಯದಲ್ಲ.

ಇಷ್ಟಾದರೂ ಕಳವಳ ಇಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ. ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.