ಗೊಂಬೆ ಹಬ್ಬ

ಹಳೆಯ ಮೈಸೂರು ಪ್ರಾಂತದ ಅನೇಕ ಮನೆಗಳಲ್ಲಿ ನವರಾತ್ರಿಯೆಂದರೆ ಗೊಂಬೆಗಳ ಹಬ್ಬ. 3, 5, 7 ಅಥವಾ 9 ಮೆಟ್ಟಿಲುಗಳನ್ನು ಕಟ್ಟಿ, ಬಿಳಿಯ ವಸ್ತ್ರವನ್ನು ಹಾಸಿ, ಮೇಲಿನ ಮೆಟ್ಟಿಲಿನಲ್ಲಿ ರಾಜ-ರಾಣಿಯರಾದ ಪಟ್ಟದ ಗೊಂಬೆಗಳನ್ನು ಕೂರಿಸುತ್ತಾರೆ. ಮರದ ಈ ಜೋಡಿಯನ್ನು ತವರಿನವರು ಮಗಳಿಗೆ ಮದುವೆಯಲ್ಲಿ ಕೊಡುವುದು ವಾಡಿಕೆ. ಅವುಗಳಿಗೆ ಉಡುಗೆ ತೊಡುಗೆಗಳನ್ನು ಮನೆಯವರೇ ಸಿದ್ಧಪಡಿಸುತ್ತಾರೆ.

ಮೆಟ್ಟಿಲುಗಳ ಪಕ್ಕದಲ್ಲಿ ಮಕ್ಕಳು ನಿರ್ಮಿಸುವ ಉದ್ಯಾನವು ಬಲು ಸೊಗಸು. ಹಬ್ಬಕ್ಕೆ ಒಂದು ವಾರ ಮೊದಲೇ ತಟ್ಟೆಯಲ್ಲಿ ಮಣ್ಣು ಹರಡಿ, ನೆನೆಸಿದ ರಾಗಿಯನ್ನು ಚೆಲ್ಲಿ, ದಿನವೂ ನೀರು ಚಿಮುಕಿಸಬೇಕು. ಮೊಳೆತ ಪೈರೇ ಹುಲ್ಲುಹಾಸು, ನಡುವೆ ಇಟ್ಟ ಕನ್ನಡಿಯೇ ಕೊಳ, ಬೆಂಕಿಪೊಟ್ಟಣಗಳೇ ಮನೆಗಳು.

ಅಂಗಡಿಯ ಅಲಂಕಾರಕ್ಕೆ ಹಣವಿದ್ದರೆ ಸಾಕು. ಇದಕ್ಕಾದರೋ ತಾಳ್ಮೆ ಬೇಕು. ಹಿರಿಯರ ಕೈಚಳಕವು ಕಿರಿಯರಿಗೆ ಬರುವುದು ಜೊತೆಯಲ್ಲಿ ಕುಳಿತು ಮಾಡಿದಾಗ ಮಾತ್ರ. ಆ ನಂಟು ಕಡಿದುಹೋದರೆ, ಗೊಂಬೆಗಳು ಪೆಟ್ಟಿಗೆಯಲ್ಲಿಯೇ ಉಳಿದಾವು.