ಮಾಡದುದನ್ನು ಅರ್ಪಿಸುವುದೆಂತು?

ಶ್ರೀಹರಿಯ ಸೇವೆಯು ಅಂಕನ, ನಾಮಕರಣ, ಭಜನ ಎಂದು ಮೂರು ವಿಧವೆಂಬುದು ಶ್ರೀಮದಾಚಾರ್ಯರ ಮತದಲ್ಲಿ ಪ್ರಸಿದ್ಧವಾದ ವಿಷಯ. ಪ್ರಥಮೈಕಾದಶಿಯಂದು ತಪ್ತಮುದ್ರೆಯನ್ನು ಧರಿಸುವುದು ಅಂಕನ. ಮಕ್ಕಳಿಗೆ ಕೇಶವಾದಿ ನಾಮಗಳನ್ನಿಟ್ಟು, ಕರೆದಾಗಲೆಲ್ಲ ಭಗವಂತನನ್ನು ಸ್ಮರಿಸುವುದು ನಾಮಕರಣ. ಇವೆರಡೂ ನಮ್ಮ ಮನೆಗಳಲ್ಲಿ ನಡೆದುಬಂದಿವೆ. ಮೂರನೆಯದಾದ ಭಜನದ ವಿಷಯದಲ್ಲಿ ಮಾತ್ರ ನಾವು ಸ್ವಲ್ಪ ವಿಚಾರ ಮಾಡಬೇಕಾಗಿದೆ.

ಭಜನೆಯೆಂದೊಡನೆ ನಮಗೆ ತಾಳ ತಂಬೂರಿಗಳು ನೆನಪಾಗುತ್ತವೆ. ಶಾಸ್ತ್ರೋಕ್ತವಾದ ಭಜನವಾದರೋ ಹತ್ತು ವಿಧ. ಸತ್ಯ, ಹಿತ, ಪ್ರಿಯ, ಸ್ವಾಧ್ಯಾಯ ಎಂಬ ನಾಲ್ಕು ಮಾತಿನಿಂದ ಆಗತಕ್ಕವು. ದಾನ, ಕಷ್ಟದಲ್ಲಿರುವವರನ್ನು ಪಾರುಮಾಡುವ ಪರಿತ್ರಾಣ, ಕಾಪಾಡುವುದೆಂಬ ಪರಿರಕ್ಷಣ ಇವು ಮೂರು ಶರೀರದಿಂದ. ದಯೆ, ಹರಿದಾಸ್ಯದ ಹಂಬಲವೆಂಬ ಸ್ಪೃಹೆ, ಗುರು-ಶಾಸ್ತ್ರಗಳಲ್ಲಿ ಶ್ರದ್ಧೆ ಇವು ಮೂರು ಮನಸ್ಸಿನಿಂದ. ಇವುಗಳಲ್ಲಿ ಗ್ರಂಥವನ್ನು ಹಿಡಿದು ಕುಳಿತು ಮಾಡುವುದು ಸ್ವಾಧ್ಯಾಯವೊಂದೇ. ಸತ್ಯ, ಹಿತ, ದಾನ, ದಯೆ ಮೊದಲಾದವುಗಳಿಗೆ ಎದುರಿಗೆ ಒಬ್ಬ ಮನುಷ್ಯನು ಬೇಕು.

ಕಳೆದ ಚಾತುರ್ಮಾಸ್ಯದ ಒಂದು ಸಂಗತಿಯನ್ನು ಸಂಕೋಚದಿಂದಲೇ ಹೇಳುತ್ತೇವೆ. ದೇವರಿಗೆ ನಿತ್ಯವೂ ತುಳಸಿಯನ್ನು ತಂದುಕೊಡುವ ವೃದ್ಧೆಯೊಬ್ಬಳು ಎರಡು ತಿಂಗಳ ಬಾಕಿಯನ್ನು ಕೇಳಿದಳು. ಲೆಕ್ಕವು ನಮ್ಮ ಕೈಯಲ್ಲಿತ್ತು, ಹಣವೂ ಇತ್ತು. ಪೂಜೆಯ ಅವಸರದಲ್ಲಿ "ನಾಳೆ ಬಾ" ಎಂದೆವು. ಹಾಗೆಂದದ್ದು ಅದು ಮೂರನೆಯ ಸಲ. ಅದೇ ಸಂಜೆ ಉಪನ್ಯಾಸದಲ್ಲಿ ಈ ದಶವಿಧ ಭಜನದ ವಿವರಣೆಯನ್ನು ಕೇಳಿ ತಲೆದೂಗಿದೆವು. ಮಂಗಳಾರತಿಯಾದ ಮೇಲೆ ನಾಲ್ವರೆದುರು ಹೊಗಳಿಯೂ ಹೊಗಳಿದೆವು. ಮನೆಗೆ ಬಂದಾಗ ತೀರ್ಥರೂಪರು, "ತುಳಸಿಯವಳಿಗೆ ಕೊಟ್ಟೆಯೇನೋ?" ಎಂದು ಕೇಳಿದರು. ಉತ್ತರ ಹೊರಡಲಿಲ್ಲ. ನಮ್ಮ "ನಾಳೆ"ಯಲ್ಲಿ ಸತ್ಯವಿರಲಿಲ್ಲ, ಹಿತವಿರಲಿಲ್ಲ, ಪ್ರಿಯವೂ ಇರಲಿಲ್ಲ. ಕೊಡಬೇಕಾದದ್ದಾದರೂ ದಾನವಲ್ಲ, ಋಣ!

ಮರುದಿನ ಬೆಳಗಾಗುತ್ತಲೇ ಅವಳ ಮನೆಗೆ ಹೋಗಿ ಹಣವನ್ನು ಕೊಟ್ಟೆವು. "ನೀವ್ಯಾಕೆ ಬಂದ್ರಿ ಸ್ವಾಮಿ, ನಾನೇ ಬರ್ತಿದ್ನಲ್ಲ" ಎಂದಳು. ನಮ್ಮ ನಾಚಿಕೆ ಇಮ್ಮಡಿಯಾಯಿತು.

ಈ ಹತ್ತರಲ್ಲಿ ಒಂದೊಂದನ್ನೂ ನೆರವೇರಿಸಿ ನಾರಾಯಣನಿಗೆ ಸಮರ್ಪಿಸುವುದೇ ಭಜನವೆಂದು ಹೇಳಿದೆ. ಮೊದಲು ನೆರವೇರಿಸುವುದು, ಅನಂತರ ಸಮರ್ಪಣೆ. ಅಡಿಗೆಯನ್ನೇ ಮಾಡದೆ ಬರಿಯ ತಟ್ಟೆಯನ್ನು ನೈವೇದ್ಯಕ್ಕೆ ಇಡುವವರುಂಟೆ? ಆಡದ ಸತ್ಯವನ್ನು, ತೋರದ ದಯೆಯನ್ನು "ಕೃಷ್ಣಾರ್ಪಣ"ವೆಂದು ನೀರು ಬಿಟ್ಟರೆ ಅರ್ಪಿತವಾದುದು ನೀರು ಮಾತ್ರ.

ಜೀವನು ಅಸ್ವತಂತ್ರನಲ್ಲವೆ, ಹರಿ ಮಾಡಿಸಿದಂತಾಗಲಿ ಎಂದು ಕೆಲವರು ಹೇಳುವುದುಂಟು. ಜೀವನಿಗೆ ಹರಿಯ ಅಧೀನವಾದ ಕರ್ತೃತ್ವವುಂಟೆಂದೇ ನಮ್ಮ ಸಿದ್ಧಾಂತ. ಇಲ್ಲವಾದರೆ ವಿಧಿನಿಷೇಧಗಳಿಗೆ ಅರ್ಥವೆಲ್ಲಿ? ಅಸ್ವಾತಂತ್ರ್ಯದ ಅರಿವು ಒಳ್ಳೆಯದನ್ನು ಮಾಡಿದಾಗ ಅಹಂಕಾರವನ್ನು ಬಿಡಿಸಲಿಕ್ಕೆ ಇರುವುದೇ ಹೊರತು ಮಾಡದಿರುವುದಕ್ಕೆ ನೆಪವಾಗಲಿಕ್ಕಲ್ಲ.

ಸಜ್ಜನರು ಒಂದು ಏಕಾದಶಿಯಿಂದ ಮತ್ತೊಂದು ಏಕಾದಶಿಯವರೆಗೆ ಈ ಹತ್ತರಲ್ಲಿ ಒಂದನ್ನು ಹಿಡಿದು ಮನೆಮಂದಿಯೊಡನೆ ಆಚರಿಸಿ ನೋಡಬಹುದು. ಐದು ತಿಂಗಳಲ್ಲಿ ಹತ್ತೂ ಒಂದು ಸುತ್ತು ಬರುತ್ತವೆ. ಯಾರಿಗಾದರೂ "ನಾಳೆ" ಎಂದಿದ್ದರೆ ಅಲ್ಲಿಂದಲೇ ಆರಂಭವಾಗಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥